ಕೋಳಿಮೊಟ್ಟೆಗಳ ವಿಂಗಡಣೆ ಮತ್ತು ಗುರುತು

ಹಳ್ಳಿಗಳಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವವರು ಬಹುಮಟ್ಟಿಗೆ ಬಡ ಸಂಸಾರದ ಹೆಂಗಸರು. ಮೊಟ್ಟೆಯ ಹಣವು ಅವರ ಉಪ್ಪು ಎಣ್ಣೆಗಳ ಖರ್ಚಿಗೆ ಆಧಾರವಾಗಿರುವುದು. ಆದರೆ ಬುಟ್ಟಿಯಲ್ಲಿ ನಾಲ್ಕು ಕೊಳೆತ ಮೊಟ್ಟೆಗಳು ಸೇರಿದ್ದರೆ, ವ್ಯಾಪಾರಿಯು ಆ ನಷ್ಟವನ್ನು ಮುಂಚೆಯೇ ಲೆಕ್ಕ ಹಾಕಿ ಇಡೀ ಬುಟ್ಟಿಗೆ ಕಡಮೆ ಬೆಲೆ ಕಟ್ಟುವನು. ಕೆಟ್ಟ ಮೊಟ್ಟೆಯ ದಂಡವನ್ನು ಒಳ್ಳೆಯ ಮೊಟ್ಟೆ ತಂದವರು ತೆರಬೇಕಾಗುವುದು. ಇದನ್ನು ತಪ್ಪಿಸಲು ವಿಂಗಡಣೆಯೇ ತಕ್ಕ ಉಪಾಯ.

ಪರೀಕ್ಷೆ.— ಕತ್ತಲೆಯ ಕೋಣೆಯಲ್ಲಿ ದೀಪದ ಮುಂದೆ ಸಣ್ಣ ರಂಧ್ರವುಳ್ಳ ರಟ್ಟನ್ನಿಟ್ಟು, ಮೊಟ್ಟೆಯ ದಪ್ಪ ತುದಿಯನ್ನು ರಂಧ್ರಕ್ಕೆ ಹಿಡಿದು ನೋಡತಕ್ಕದ್ದು. ಆ ತುದಿಯಲ್ಲಿ ಗಾಳಿಯಿರುವ ಬರಿದು ಜಾಗವು ಕಾಣುವುದು. ಮೊಟ್ಟೆಯೊಳಗಿನ ನೀರು ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಆರಿದಂತೆಲ್ಲಾ ಈ ಜಾಗವು ಹಿಗ್ಗುವುದು. ಅದು ಚಿಕ್ಕದಾಗಿದ್ದಷ್ಟೂ ಮೊಟ್ಟೆಯು ಹೊಸದು. ಬಿರುಕು, ರಕ್ತದ ಕಲೆ ಅಥವಾ ಕಪ್ಪು ನೆರಳು ಕಂಡವುಗಳನ್ನು ಮಾರಾಟಕ್ಕೆ ಸೇರಿಸಕೂಡದು.

ದರ್ಜೆ.— ‘ಅಗ್‌ಮಾರ್ಕ್’ ಗುರುತಿಗೆ 1937ನೆಯ ಇಸವಿಯ ಕಾಯಿದೆಯು ಆಧಾರ. ಅದರ ನಿಯಮಗಳಂತೆ ಒಂದೊಂದು ಮೊಟ್ಟೆಯು 60 ಗ್ರಾಂ ಅಥವಾ ಹೆಚ್ಚು ತೂಗಿದರೆ ಅತಿ ದೊಡ್ಡದು. 53ರಿಂದ 59 ದೊಡ್ಡದು. 45ರಿಂದ 52 ಮಧ್ಯಮ. 38ರಿಂದ 44 ಸಣ್ಣದು. ಗುಣದಲ್ಲಿ ‘ಎ’ ಮತ್ತು ‘ಬಿ’ ಎಂದು ಎರಡು ದರ್ಜೆಗಳುಂಟು. ಗಾಳಿಯ ಜಾಗದ ಆಳವು ‘ಎ’ ದರ್ಜೆಗೆ 4 ಮಿಲಿಮೀಟರನ್ನೂ ‘ಬಿ’ ದರ್ಜೆಗೆ 8 ಮಿಲಿಮೀಟರನ್ನೂ ಮೀರಬಾರದು. ಅಧಿಕಾರಪತ್ರವಿಲ್ಲದೆ ಈ ಗುರುತನ್ನು ಹಾಕುವುದು ಶಿಕ್ಷಾರ್ಹವಾದ ಅಪರಾಧ.

ಚೀಟಿ.— ಪೆಟ್ಟಿಗೆಯ ಚೀಟಿಯಲ್ಲಿ ತುಂಬಿದವರ ಹೆಸರು, ವಿಳಾಸ, ಮೊಟ್ಟೆಗಳ ಸಂಖ್ಯೆ, ದರ್ಜೆ, ತುಂಬಿದ ತಾರೀಖು ಇವು ಸ್ಪಷ್ಟವಾಗಿರಬೇಕು. ಹಳೆಯ ಮೊಟ್ಟೆಗೆ ಹೊಸ ತಾರೀಖು ಹಾಕುವುದು ಕೊಳ್ಳುವವರಿಗೆ ಮೋಸ. ಒಮ್ಮೆ ಹೋದ ನಂಬಿಕೆಯು ಊರಿಗೆ ಸುಲಭವಾಗಿ ಮರಳದು.

ಜೋಪಾನ.— ಮೊಟ್ಟೆಗಳನ್ನು ದಿನಕ್ಕೆರಡು ಬಾರಿ ಕೂಡಿಸಿ, ಚೂಪು ತುದಿ ಕೆಳಗಾಗಿ ತಂಪಾದೆಡೆಯಲ್ಲಿಡಬೇಕು. ನೀರಿನಲ್ಲಿ ತೊಳೆದರೆ ಚಿಪ್ಪಿನ ಮೇಲಣ ಸಹಜವಾದ ಪೊರೆಯು ಹೋಗಿ ಮೊಟ್ಟೆಯು ಬೇಗನೆ ಕೆಡುವುದು. ಕೊಳೆಯನ್ನು ಒಣಬಟ್ಟೆಯಿಂದ ಒರೆಸಬೇಕು. ಮರಿ ಮಾಡಿಸುವ ಉದ್ದೇಶವಿಲ್ಲದಾಗ ಹುಂಜವನ್ನು ಬೇರೆಯಿಟ್ಟರೆ ಮೊಟ್ಟೆಗಳು ಹೆಚ್ಚು ದಿನ ಬಾಳುವುವು.

ದೀಪ, ರಟ್ಟು, ಸಣ್ಣ ತಕ್ಕಡಿ ಇವಿಷ್ಟೇ ಇದಕ್ಕೆ ಬೇಕಾದ ಸಾಧನಗಳು. ಊರಿನ ಮುಖಂಡರು ಸಂತೆಯ ಹಿಂದಿನ ದಿನ ಎಲ್ಲರ ಮೊಟ್ಟೆಗಳನ್ನೂ ಒಂದೆಡೆ ಪರೀಕ್ಷಿಸುವ ಏರ್ಪಾಡು ಮಾಡಿದರೆ, ಒಬ್ಬರ ಅಜಾಗರೂಕತೆಯಿಂದ ಹತ್ತು ಮನೆಗಳವರು ನಷ್ಟಪಡುವುದು ತಪ್ಪುವುದು.