ಎದೆಗೂಡಿನ ನೋವಿಗೆ ನರತಡೆ ಚುಚ್ಚುಮದ್ದು – ಸಾರ್ವಜನಿಕರಿಗೆ ಮಾಹಿತಿ

ಪಕ್ಕೆಲುಬು ಮುರಿದಾಗ ಅಥವಾ ಎದೆಯ ಶಸ್ತ್ರಚಿಕಿತ್ಸೆಯ ನಂತರ ನೋವಿನ ಕಾರಣ ರೋಗಿಗೆ ದೀರ್ಘವಾಗಿ ಉಸಿರೆಳೆಯಲು, ಕೆಮ್ಮಲು ಸಾಧ್ಯವಾಗುವುದಿಲ್ಲ. ಇದರಿಂದ ಕಫ ಕಟ್ಟಿ ನ್ಯುಮೋನಿಯಾ ಉಂಟಾಗಬಹುದು. ಇಂತಹ ಸಂದರ್ಭದಲ್ಲಿ ಅರಿವಳಿಕೆ ತಜ್ಞರು ಪಕ್ಕೆಲುಬಿನ ಕೆಳ ಅಂಚಿನಲ್ಲಿ ಸಾಗುವ ನರದ ಬಳಿ ಬುಪಿವಕೇನ್‌ನಂತಹ ಔಷಧವನ್ನು ಚುಚ್ಚುತ್ತಾರೆ. ಕೆಲವು ಗಂಟೆಗಳ ಕಾಲ ನೋವು ಶಮನವಾಗಿ ಉಸಿರಾಟ ಸುಗಮವಾಗುತ್ತದೆ.

ಗಮನಿಸಬೇಕಾದ ಅಂಶಗಳು:

1. ಎದೆನೋವು ಹೃದಯ ಸಂಬಂಧಿತವಲ್ಲವೆಂದು ಇಸಿಜಿ ಮುಂತಾದ ಪರೀಕ್ಷೆಗಳಿಂದ ಮೊದಲು ಖಚಿತಪಡಿಸಿಕೊಳ್ಳಬೇಕು.
2. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿದ್ದಲ್ಲಿ ಅಥವಾ ಔಷಧಗಳ ಅಲರ್ಜಿ ಇದ್ದಲ್ಲಿ ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.
3. ಅಪರೂಪವಾಗಿ ಶ್ವಾಸಕೋಶದ ಸುತ್ತ ಗಾಳಿ ಸೇರಬಹುದು. ಚುಚ್ಚುಮದ್ದಿನ ನಂತರ ಉಸಿರಾಟಕ್ಕೆ ತೊಂದರೆಯಾದಲ್ಲಿ ಕೂಡಲೇ 108ಕ್ಕೆ ಕರೆ ಮಾಡಿರಿ.

ತೊರವಿ ಭಾಗದ ನಾಗರಿಕರು ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಸಲಹೆ ಪಡೆಯಬಹುದು. ಬರುವಾಗ ಆಧಾರ್ ಹಾಗೂ ಪಡಿತರ ಚೀಟಿಯನ್ನು ತರುವುದು.