ಕಾಂಪೌಂಡ್ ಬಿಲ್ಲು: ಆಯ್ಕೆಯ ಹಿಂದಿನ ಭೌತವಿಜ್ಞಾನ

ಬಿದಿರಿನ ದಬ್ಬೆಯನ್ನು ಬಗ್ಗಿಸಿ, ಎರಡು ತುದಿಗೂ ಹುರಿ ಬಿಗಿದು ಬಿಲ್ಲು ಮಾಡಿ ಆಡಿದವರಿಗೆಲ್ಲ ಒಂದು ಅನುಭವ ಇದ್ದೇ ಇರುತ್ತದೆ. ಹೆದೆಯನ್ನು ಎಳೆಯುತ್ತ ಹೋದಂತೆ ಬಿಲ್ಲು ಹೆಚ್ಚು ಹೆಚ್ಚು ಬಿಗಿಯಾಗುತ್ತದೆ. ಗುರಿ ನೋಡಬೇಕಾದ ಕೊನೆಯ ಗಳಿಗೆಯಲ್ಲೇ ಎಳೆತ ಅತಿ ಹೆಚ್ಚು. ಕೈ ನಡುಗುತ್ತದೆ, ಬಾಣ ಎಲ್ಲಿಗೋ ಹೋಗುತ್ತದೆ.

ಇದಕ್ಕೆ ತದ್ವಿರುದ್ಧವಾಗಿ ವರ್ತಿಸುವ ಬಿಲ್ಲೊಂದಿದೆ. ಎಳೆಯಲು ಆರಂಭಿಸಿದಾಗ ಬಲು ಬಿಗಿ; ಪೂರ್ತಿ ಎಳೆದ ಮೇಲೆ ಹಗುರ. ತುದಿಗಳಲ್ಲಿ ಚಕ್ರಗಳಿದ್ದು, ಅವುಗಳ ನಡುವೆ ಕೇಬಲ್‌ಗಳು ಹಾದುಹೋಗಿರುವ ಈ ಸಾಧನವೇ ಕಾಂಪೌಂಡ್ ಬಿಲ್ಲು. ಕೊಂಬು, ಮರ, ಸ್ನಾಯುಗಳನ್ನು ಅಂಟಿಸಿ ಮಾಡುತ್ತಿದ್ದ ಪ್ರಾಚೀನ ಮಿಶ್ರ ಬಿಲ್ಲು ಬೇರೆ, ಇದು ಬೇರೆ.

ಅಮೆರಿಕದಲ್ಲಿ ಶರತ್ಕಾಲ ಬಂದೊಡನೆ ಜಿಂಕೆ ಬೇಟೆಗೆ ಪರವಾನಗಿ ಪಡೆದವರು ಹೊಸ ಬಿಲ್ಲಿಗಾಗಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಪ್ರತಿ ಬಿಲ್ಲಿನ ಮೇಲೂ ನಾಲ್ಕೈದು ಸಂಖ್ಯೆಗಳಿರುತ್ತವೆ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು? ಈ ಪ್ರಶ್ನೆಗೆ ಉತ್ತರ ಪ್ರೌಢಶಾಲೆಯ ಭೌತವಿಜ್ಞಾನದಲ್ಲಿಯೇ ಇದೆ. ತಪ್ಪು ಆಯ್ಕೆಯ ಬೆಲೆಯನ್ನು ಬೇಟೆಗಾರನಿಗಿಂತ ಹೆಚ್ಚಾಗಿ ತೆರುವುದು, ಅರೆಗಾಯದೊಡನೆ ಕಾಡಿನಲ್ಲಿ ಓಡುವ ಪ್ರಾಣಿ. ಆದ್ದರಿಂದ ಈ ಲೆಕ್ಕ ಬರಿಯ ಕುತೂಹಲದ ವಿಷಯವಲ್ಲ.

ಬಿಲ್ಲಿನಲ್ಲಿ ಶಕ್ತಿಯ ಸಂಗ್ರಹ

ಹೆದೆಯನ್ನು ಎಳೆಯುವಾಗ ನಾವು ಮಾಡಿದ ಕೆಲಸ ಬಿಲ್ಲಿನ ಬಾಗಿದ ತೋಳುಗಳಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಉಳಿಯುತ್ತದೆ. ಹೆದೆಯನ್ನು ಬಿಟ್ಟಾಗ ಅದರ ಬಹುಪಾಲು ಬಾಣದ ಚಲನ ಶಕ್ತಿಯಾಗುತ್ತದೆ. ಎಳೆದ ದೂರವನ್ನು ಅಡ್ಡ ಅಕ್ಷದ ಮೇಲೂ ಬೇಕಾದ ಬಲವನ್ನು ಲಂಬ ಅಕ್ಷದ ಮೇಲೂ ಗುರುತಿಸಿ ನಕ್ಷೆ ಬರೆದರೆ, ರೇಖೆಯ ಕೆಳಗಿನ ವಿಸ್ತೀರ್ಣವೇ ಸಂಗ್ರಹವಾದ ಶಕ್ತಿ.

ಸಾದಾ ಬಿಲ್ಲಿನಲ್ಲಿ ಈ ರೇಖೆ ಹೆಚ್ಚುಕಡಿಮೆ ನೇರವಾಗಿ ಏರುತ್ತದೆ. ವಿಸ್ತೀರ್ಣ ಒಂದು ತ್ರಿಕೋನ. ಗರಿಷ್ಠ ಬಲ 60 ಪೌಂಡು, ಅಂದರೆ ಸುಮಾರು 267 ನ್ಯೂಟನ್, ಹೆದೆ ಹಿಂದೆ ಸರಿಯುವ ದೂರ ಅರ್ಧ ಮೀಟರ್ ಎಂದುಕೊಳ್ಳೋಣ. ಆಗ ಶಕ್ತಿ 267ರ ಅರ್ಧವನ್ನು 0.5ರಿಂದ ಗುಣಿಸಿದಷ್ಟು, ಅಂದರೆ ಸುಮಾರು 67 ಜೂಲ್.

ಕಾಂಪೌಂಡ್ ಬಿಲ್ಲಿನ ರೇಖೆಯ ರೂಪವೇ ಬೇರೆ. ಅದು ಮೊದಲು ಕಡಿದಾಗಿ ಏರಿ ಗರಿಷ್ಠ ಬಲವನ್ನು ಮುಟ್ಟುತ್ತದೆ. ಸ್ವಲ್ಪ ದೂರ ಪ್ರಸ್ಥಭೂಮಿಯಂತೆ ಸಮತಟ್ಟಾಗಿ ಸಾಗಿ, ಕೊನೆಯಲ್ಲಿ ಕಣಿವೆಗೆ ಇಳಿಯುತ್ತದೆ. ಸರಾಸರಿ ಬಲ ಗರಿಷ್ಠದ ಮುಕ್ಕಾಲು ಭಾಗ ಎಂದಿಟ್ಟುಕೊಂಡರೂ 200 ನ್ಯೂಟನ್ ಆಯಿತು. ಅದೇ ಅರ್ಧ ಮೀಟರ್ ಎಳೆತದಲ್ಲಿ 100 ಜೂಲ್ ಶಕ್ತಿ ಸಂಗ್ರಹವಾಗುತ್ತದೆ. ಗರಿಷ್ಠ ಬಲ ಹೆಚ್ಚಾಗಲಿಲ್ಲ, ಆದರೂ ಶಕ್ತಿ ಒಂದೂವರೆ ಪಟ್ಟು ಆಯಿತು. ಎಳೆಯುವವನು ಅಷ್ಟು ಹೆಚ್ಚು ಕೆಲಸ ಮಾಡಿದ್ದಾನೆ. ಶಕ್ತಿಯೇನೂ ಪುಕ್ಕಟೆಯಾಗಿ ಬರಲಿಲ್ಲ.

ಚಕ್ರದ ಚಮತ್ಕಾರ

ಈ ಬಿಲ್ಲನ್ನು ರೂಪಿಸಿದವನು ಅಮೆರಿಕದ ಮಿಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಅಲೆನ್. ಆತ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರಲ್ಲಿ ಅದು ದೊರೆಯಿತು. ಆತನ ಉಪಾಯ ಸರಳ: ಬಿಲ್ಲಿನ ತುದಿಗಳಲ್ಲಿ ರಾಟೆಗಳನ್ನು ಇಡುವುದು, ಆದರೆ ಅವುಗಳ ಅಚ್ಚನ್ನು ಕೇಂದ್ರದಲ್ಲಿ ಇಡದೆ ಪಕ್ಕಕ್ಕೆ ಸರಿಸುವುದು. ಇಂದಿನ ಬಿಲ್ಲುಗಳಲ್ಲಿ ದುಂಡು ರಾಟೆಯ ಬದಲು ಮೊಟ್ಟೆಯಂತೆ ಅಥವಾ ಇನ್ನೂ ವಿಚಿತ್ರ ಆಕಾರದಲ್ಲಿ ಕೊರೆದ ಕ್ಯಾಮ್‌ಗಳಿರುತ್ತವೆ.

ಬಾಗಿಲನ್ನು ಹಿಡಿಯ ಬಳಿ ತಳ್ಳಿದರೆ ಸಲೀಸಾಗಿ ತೆರೆಯುತ್ತದೆ. ತಿರುಗಣಿಯ ಬಳಿ ತಳ್ಳಿದರೆ ಬೆವರಿಳಿಯುತ್ತದೆ. ಬಲವನ್ನೂ ಅಚ್ಚಿನಿಂದ ಅದು ಇರುವ ದೂರವನ್ನೂ ಗುಣಿಸಿದಾಗ ಸಿಗುವ ಭ್ರಾಮಕವೇ ತಿರುಗುವಿಕೆಯನ್ನು ನಿರ್ಧರಿಸುತ್ತದೆ. ಕ್ಯಾಮ್‌ನ ಒಂದು ಗಾಡಿಯಲ್ಲಿ ಹೆದೆ, ಇನ್ನೊಂದರಲ್ಲಿ ತೋಳುಗಳನ್ನು ಬಿಗಿದಿಡುವ ಕೇಬಲ್ ಕೂತಿರುತ್ತವೆ. ಹೆದೆಯನ್ನು ಎಳೆದಂತೆ ಕ್ಯಾಮ್ ತಿರುಗುತ್ತದೆ. ಪೂರ್ತಿ ಎಳೆದಾಗ ಹೆದೆ ಅಚ್ಚಿನಿಂದ ದೂರಕ್ಕೂ ಕೇಬಲ್ ಅಚ್ಚಿನ ಸಮೀಪಕ್ಕೂ ಬರುತ್ತವೆ. ಆಗ ಹೆದೆಯ ಮೇಲಿನ ಸಣ್ಣ ಬಲವೇ ಕೇಬಲ್‌ನ ದೊಡ್ಡ ಬಿಗಿತವನ್ನು ಸರಿದೂಗಿಸುತ್ತದೆ. ತೋಳುಗಳು ಬಾಗಿಯೇ ಇವೆ, ಶಕ್ತಿ ತುಂಬಿಯೇ ಇದೆ, ಬೆರಳಿಗೆ ಮಾತ್ರ ಹಗುರ.

ಹೀಗೆ ಬಲ ಇಳಿಯುವುದನ್ನು ‘ಲೆಟ್-ಆಫ್’ ಎನ್ನುತ್ತಾರೆ. ಶೇ 80 ಲೆಟ್-ಆಫ್ ಇರುವ 60 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದು ಹಿಡಿಯಲು 12 ಪೌಂಡು, ಅಂದರೆ ಸುಮಾರು ಐದೂವರೆ ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಜಿಂಕೆ ಮರದ ಮರೆಯಿಂದ ಹೊರಬರುವವರೆಗೆ ಅರ್ಧ ನಿಮಿಷ ಕಾಯಬೇಕಾಗಿ ಬಂದರೆ, ಕೈ ನಡುಗದೆ ನಿಲ್ಲುವುದು ಈ ಇಳಿಕೆಯಿಂದ.

ಮೊದಲು ಮೈ ಅಳತೆ

ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಎಳೆತದ ಉದ್ದ. ಸಾದಾ ಬಿಲ್ಲನ್ನು ಯಾರು ಎಷ್ಟು ಬೇಕಾದರೂ ಎಳೆಯಬಹುದು. ಕಾಂಪೌಂಡ್ ಬಿಲ್ಲು ಹಾಗಲ್ಲ. ಕ್ಯಾಮ್ ತನ್ನ ಕೊನೆ ಮುಟ್ಟಿದೊಡನೆ ಗೋಡೆಗೆ ತಾಗಿದಂತೆ ನಿಂತುಬಿಡುತ್ತದೆ. ಆ ನಿಲುಗಡೆ ಬಿಲ್ಲುಗಾರನ ಮೈಗೆ ಸರಿಹೊಂದಬೇಕು. ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ, ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿದರೆ ಅಂದಾಜು ಉದ್ದ ದೊರೆಯುತ್ತದೆ. ಚಾಚಿದ ತೋಳು 170 ಸೆಂ.ಮೀ. ಇದ್ದವರಿಗೆ 68 ಸೆಂ.ಮೀ., ಅಂದರೆ ಸುಮಾರು 27 ಅಂಗುಲ. ವೇಗದ ಆಸೆಗೆ ಉದ್ದ ಹೆಚ್ಚು ಮಾಡಿಕೊಂಡರೆ ಮೈ ಹಿಂದಕ್ಕೆ ವಾಲುತ್ತದೆ, ಮುಂದೋಳಿಗೆ ಹೆದೆ ಬಡಿಯುತ್ತದೆ, ಗುರಿ ಕೆಡುತ್ತದೆ.

ಎರಡನೆಯದು ಎಳೆತದ ಬಲ. ಅಂಗಡಿಯಲ್ಲಿ ಮೈ ಬಿಸಿಯಾಗಿರುವಾಗ ನಿಂತು ಎಳೆಯುವುದು ಒಂದು. ಕೊರೆಯುವ ಚಳಿಯಲ್ಲಿ ದಪ್ಪ ಕೋಟು ತೊಟ್ಟು ಎರಡು ಗಂಟೆ ಅಲುಗಾಡದೆ ಕೂತು ಆಮೇಲೆ ಎಳೆಯುವುದು ಇನ್ನೊಂದು. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಕುರ್ಚಿಯ ಮೇಲೆ ಕೂತು, ಬಿಲ್ಲನ್ನು ಗುರಿಯತ್ತ ನೇರವಾಗಿ ಹಿಡಿದು, ಮೇಲಕ್ಕೆತ್ತದೆ ಸಲೀಸಾಗಿ ಎಳೆಯಲು ಬರಬೇಕು. ಬಿಲ್ಲನ್ನು ಆಕಾಶಕ್ಕೆ ಎತ್ತಿ ಹೆಣಗಿ ಎಳೆಯಬೇಕಾದರೆ ಆ ಬಲ ಹೆಚ್ಚಾಯಿತು ಎಂದರ್ಥ. ಆ ಚಲನೆಯೇ ಜಿಂಕೆಗೆ ಎಚ್ಚರಿಕೆಯಾಗುತ್ತದೆ. ಜಿಂಕೆಗೆ ಅಮೆರಿಕದ ಹಲವು ರಾಜ್ಯಗಳು 35ರಿಂದ 40 ಪೌಂಡಿನ ಕನಿಷ್ಠ ಮಿತಿ ಹಾಕಿವೆ. ಮಿತಿಗಿಂತ ಮೇಲೆ, ತನ್ನ ಶಕ್ತಿಗಿಂತ ಕೆಳಗೆ ಎಂಬುದು ಸರಿಯಾದ ಜಾಗ.

ಮೂರನೆಯದು ಬಿಲ್ಲಿನ ರಚನೆ. ಎರಡು ಅಚ್ಚುಗಳ ನಡುವಿನ ಉದ್ದ ಕಡಿಮೆ ಇದ್ದರೆ ಮರದ ಮೇಲಿನ ಅಟ್ಟಣೆಯಲ್ಲಿ, ಪೊದೆಯ ನಡುವೆ ಬಿಲ್ಲನ್ನು ಆಡಿಸುವುದು ಸುಲಭ. ಉದ್ದದ ಬಿಲ್ಲು ಕೈಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಹಿಡಿಯಿಂದ ಸಡಿಲ ಹೆದೆಯವರೆಗಿನ ಅಂತರವೂ ಮುಖ್ಯ. ಈ ಅಂತರ ಕಡಿಮೆಯಾದಷ್ಟೂ ಹೆದೆ ಬಾಣವನ್ನು ಹೆಚ್ಚು ದೂರ ತಳ್ಳುತ್ತದೆ, ವೇಗ ಹೆಚ್ಚುತ್ತದೆ. ಆದರೆ ಬಾಣ ಹೆದೆಗಂಟಿ ಸಾಗುವ ದೂರ ಹೆಚ್ಚಾದಷ್ಟೂ ಕೈಯ ಸಣ್ಣ ತಪ್ಪು ಬಾಣಕ್ಕೆ ತಗಲುವ ಅವಕಾಶವೂ ಹೆಚ್ಚು. ಹೊಸಬರಿಗೆ ಏಳು ಅಂಗುಲದ ಆಸುಪಾಸಿನ ಅಂತರ ಕ್ಷಮಾಗುಣವುಳ್ಳದ್ದು.

ದೊಡ್ಡ ಅಕ್ಷರದ ಸಂಖ್ಯೆ

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ವೇಗ: ಸೆಕೆಂಡಿಗೆ 330 ಅಡಿ ಎಂಬಂತೆ. ಇದನ್ನು ಸಾಮಾನ್ಯವಾಗಿ 70 ಪೌಂಡು ಬಲ, 30 ಅಂಗುಲ ಎಳೆತ, 350 ಗ್ರೇನ್ (ಸುಮಾರು 22.7 ಗ್ರಾಂ) ಬಾಣ ಇಟ್ಟು ಅಳೆದಿರುತ್ತಾರೆ. ಎಳೆತ ಒಂದು ಅಂಗುಲ ಕಡಿಮೆಯಾದರೆ ವೇಗ ಸುಮಾರು 10 ಅಡಿ ಕುಸಿಯುತ್ತದೆ. ನಮ್ಮ 27 ಅಂಗುಲದ ಬಿಲ್ಲುಗಾರ 60 ಪೌಂಡಿನಲ್ಲಿ 26 ಗ್ರಾಂ ಬಾಣ ಬಿಟ್ಟರೆ ಸೆಕೆಂಡಿಗೆ 100 ಮೀಟರ್ ಎಂದು ಬರೆದದ್ದು 80 ಮೀಟರಿನ ಆಸುಪಾಸಿಗೆ ಬರುತ್ತದೆ. ಹಣೆಪಟ್ಟಿಯ ಸಂಖ್ಯೆ ಸುಳ್ಳಲ್ಲ, ಆದರೆ ಅದು ಅವನ ಸಂಖ್ಯೆಯಲ್ಲ.

ಬಾಣಕ್ಕಿಂತ ಮೊದಲು ಬರುವ ಸದ್ದು

ಹೆಚ್ಚಿನ ವೇಗ ಅಷ್ಟು ಮುಖ್ಯವೇ? ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಜಿಂಕೆ 20 ಮೀಟರ್ ದೂರದಲ್ಲಿದ್ದರೆ ಹೆದೆಯ ಸದ್ದು 0.06 ಸೆಕೆಂಡಿನಲ್ಲಿ ಅದರ ಕಿವಿ ಮುಟ್ಟುತ್ತದೆ. 80 ಮೀಟರ್ ವೇಗದ ಬಾಣ ತಲಪಲು 0.25 ಸೆಕೆಂಡು ಬೇಕು. ನಡುವೆ 0.19 ಸೆಕೆಂಡು ಜಿಂಕೆಗೆ ಸಿಗುತ್ತದೆ. ಬೆದರಿದ ಜಿಂಕೆ ನೆಗೆಯುವ ಮೊದಲು ಕಾಲು ಮಡಚಿ ಮೈಯನ್ನು ಕೆಳಗೆ ತರುತ್ತದೆ. ಅದು ಗುರುತ್ವದಿಂದ ಬೀಳುತ್ತದೆ ಎಂದುಕೊಂಡರೆ ಮೊದಲ 0.1 ಸೆಕೆಂಡಿನಲ್ಲಿ 5 ಸೆಂ.ಮೀ., 0.3 ಸೆಕೆಂಡಿನಲ್ಲಿ 44 ಸೆಂ.ಮೀ. ಇಳಿಯಬಹುದು.

ಜಿಂಕೆ 40 ಮೀಟರಿನಲ್ಲಿದ್ದರೆ ಈ ಬಿಡುವು 0.38 ಸೆಕೆಂಡು. ಪ್ರತಿಕ್ರಿಯೆಗೆ ಬೇಕಾದ ಕಾಲವನ್ನು ಕಳೆದರೂ ಬಾಣ ಶ್ವಾಸಕೋಶವನ್ನು ತಪ್ಪಿ ಬೆನ್ನಿಗೆ ನೆಡಲು ಅಷ್ಟು ಸಾಕು. ಬಿಲ್ಲಿನ ವೇಗವನ್ನು ಹತ್ತು ಮೀಟರ್ ಹೆಚ್ಚಿಸಿದರೂ ಈ ಬಿಡುವು 0.33 ಸೆಕೆಂಡಿಗೆ ಮಾತ್ರ ಇಳಿಯುತ್ತದೆ. ದೂರವನ್ನು ಅರ್ಧಕ್ಕೆ ಇಳಿಸಿದರೆ ಬಿಡುವೂ ಅರ್ಧವಾಗುತ್ತದೆ. ಅನುಭವಿಗಳು ವೇಗಕ್ಕಿಂತ ಸಾಮೀಪ್ಯವನ್ನೂ ನಿಶ್ಶಬ್ದವನ್ನೂ ನೆಚ್ಚುವುದು ಇದಕ್ಕೇ.

ರೈಫಲ್ಲಿನ ಗುಂಡಿನ ಚಲನ ಶಕ್ತಿ ಸಾವಿರಾರು ಜೂಲ್. ನಮ್ಮ ಬಾಣದ್ದು ಬರಿಯ 83 ಜೂಲ್. ಬಾಣ ಹೊಡೆತದ ಆಘಾತದಿಂದ ಕೊಲ್ಲುವುದಿಲ್ಲ. ಕ್ಷೌರದ ಅಲಗಿನಷ್ಟು ಹರಿತವಾದ ಮೊನೆ ಹೃದಯ, ಶ್ವಾಸಕೋಶಗಳ ರಕ್ತನಾಳಗಳನ್ನು ಕತ್ತರಿಸಿ ಕೊಲ್ಲುತ್ತದೆ. ಸರಿಯಾದ ಜಾಗಕ್ಕೆ, ಸಾಕಷ್ಟು ಆಳಕ್ಕೆ ಹೋಗದಿದ್ದರೆ ಉಳಿಯುವುದು ನರಳಾಟ ಮಾತ್ರ.

ಆಳಕ್ಕೆ ಹೋಗಲು ಸಂವೇಗ ಬೇಕು. ಸೆಕೆಂಡಿಗೆ 80 ಮೀಟರ್ ವೇಗದ 26 ಗ್ರಾಂ ಬಾಣದ ಸಂವೇಗ 2.08 ಕಿ.ಗ್ರಾಂ.ಮೀ./ಸೆ. ಅದೇ ಬಿಲ್ಲಿನಲ್ಲಿ 32 ಗ್ರಾಂ ಬಾಣ ಹೂಡಿದರೆ ವೇಗ ಸುಮಾರು 73 ಮೀಟರಿಗೆ ಇಳಿದು ಸಂವೇಗ 2.3ಕ್ಕೆ ಏರುತ್ತದೆ. ಬಿಲ್ಲಿನ ದಕ್ಷತೆಯೂ ತುಸು ಹೆಚ್ಚುತ್ತದೆ. ಶಕ್ತಿ ಬಾಣಕ್ಕೆ ಹೆಚ್ಚು ಹೋದಷ್ಟೂ ಬಿಲ್ಲಿನ ಕಂಪನಕ್ಕೆ ಉಳಿಯುವುದು ಕಡಿಮೆ, ಸದ್ದೂ ಕಡಿಮೆ. ಇದಕ್ಕೆ ತೆರಬೇಕಾದ ಬೆಲೆ 20 ಮೀಟರಿನಲ್ಲಿ ಬಾಣ ಸುಮಾರು 6 ಸೆಂ.ಮೀ. ಹೆಚ್ಚು ಕೆಳಗೆ ಬೀಳುವುದು. ಗುರಿಸೂಚಿಯನ್ನು ಸರಿಪಡಿಸಿಕೊಂಡರೆ ಅದು ತೊಡಕಲ್ಲ.

ಬಾಣ ತೀರ ಹಗುರವಾಗುವುದಂತೂ ಅಪಾಯ. ಬಾಣವಿಲ್ಲದೆ ಹೆದೆ ಬಿಟ್ಟರೆ 100 ಜೂಲ್ ಶಕ್ತಿಗೆ ಹೋಗಲು ದಾರಿಯೇ ಇರುವುದಿಲ್ಲ. ಕೇಬಲ್ ಹರಿದು, ತೋಳು ಸೀಳಿ ಮುಖಕ್ಕೆ ಸಿಡಿಯಬಹುದು. ಅಂಗಡಿಯಲ್ಲಾಗಲಿ ಮೈದಾನದಲ್ಲಾಗಲಿ ಬರಿ ಬಿಲ್ಲನ್ನು ಎಳೆದು ಬಿಡಬಾರದು.

ಕಾನೂನು ಮತ್ತು ಕ್ರೀಡೆ

ಅಮೆರಿಕದಲ್ಲಿ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕುಗಳ ಮೇಲೆ ಸಂಗ್ರಹಿಸುವ ತೆರಿಗೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. 1972ರ ತಿದ್ದುಪಡಿ ಬಿಲ್ಲುಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ 1972ರಲ್ಲಿ ನಮ್ಮಲ್ಲಿ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನೇ ಅಪರಾಧವಾಗಿಸಿದೆ. ಭಾರತದಲ್ಲಿ ಕಾಂಪೌಂಡ್ ಬಿಲ್ಲಿಗೆ ಉಳಿದಿರುವುದು ಕ್ರೀಡಾಂಗಣ. ಅಲ್ಲಿ ನಮ್ಮವರ ಸಾಧನೆ ಸಣ್ಣದಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ವಿಭಾಗದ ಐದೂ ಚಿನ್ನಗಳು ಭಾರತಕ್ಕೆ ಬಂದವು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ತೋಳುಗಳಿಲ್ಲದ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು, ರಾಕೇಶ್ ಕುಮಾರ್ ಜೊತೆಗೂಡಿ ಕಂಚು ಗೆದ್ದರು. ಎಳೆತದ ಉದ್ದ, ಬಲ, ಬಾಣದ ತೂಕಗಳ ಲೆಕ್ಕ ಅಲ್ಲಿಯೂ ಇದೇ.

ತರಗತಿಯಲ್ಲಿ ಮಾಡಿ ನೋಡಿ

ಬಿದಿರಿನ ಬಿಲ್ಲೊಂದನ್ನು ಗೋಡೆಯ ಗೂಟಕ್ಕೆ ಭದ್ರವಾಗಿ ಕಟ್ಟಿ. ಹೆದೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಐದೈದು ಸೆಂ.ಮೀ. ಎಳೆದು ಪ್ರತಿ ಸಲವೂ ಬಲವನ್ನು ಬರೆದುಕೊಳ್ಳಿ. ಬಾಣ ಹೂಡುವುದು ಬೇಡ, ಹೆದೆಯನ್ನು ಥಟ್ಟನೆ ಬಿಡುವುದೂ ಬೇಡ. ನಿಧಾನವಾಗಿ ಹಿಂದಕ್ಕೆ ತನ್ನಿ. ನಕ್ಷೆ ಬರೆದು ರೇಖೆಯ ಕೆಳಗಿನ ಚೌಕಗಳನ್ನು ಎಣಿಸಿ, ಶಕ್ತಿಯನ್ನು ಜೂಲ್‌ಗಳಲ್ಲಿ ಕಂಡುಹಿಡಿಯಿರಿ. ಅದೇ ಹಾಳೆಯ ಮೇಲೆ ಕಾಂಪೌಂಡ್ ಬಿಲ್ಲಿನ ಪ್ರಸ್ಥಭೂಮಿ ಮತ್ತು ಕಣಿವೆಯನ್ನೂ ಬರೆದು ತೋರಿಸಿದರೆ, ಅಲೆನ್ ಮಾಡಿದ್ದೇನೆಂದು ವಿದ್ಯಾರ್ಥಿಗಳಿಗೆ ತಾನಾಗಿ ತಿಳಿಯುತ್ತದೆ.