ಕಸಿಯ ನಂತರ ರಕ್ತ ತುಂಬುವ ಬಗೆ

ಮೂತ್ರಪಿಂಡ ಕಸಿಯಾಗಿ ಮನೆಗೆ ಬಂದವರ ಮುಖ ಇನ್ನೂ ಬಿಳಿಚಿಕೊಂಡಿದ್ದರೆ ಮನೆಯ ಹೆಂಗಸರಿಗೆ ಆತಂಕವಾಗುವುದು ಸಹಜ. ಆದರೆ ರಕ್ತ ಒಂದೇ ದಿನದಲ್ಲಿ ತುಂಬುವುದಿಲ್ಲ. ಮೂತ್ರಪಿಂಡ ಸ್ರವಿಸುವ ಎರಿಥ್ರೊಪೊಯೆಟಿನ್ ಹಾರ್ಮೋನು ಸಿಕ್ಕಾಗಲೇ ಮೂಳೆಯ ಮಜ್ಜೆ ಸಾಕಷ್ಟು ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಹೊಸ ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡಿದರೂ ಚೇತರಿಕೆಗೆ ಸಾಮಾನ್ಯವಾಗಿ 2-3 ತಿಂಗಳು ಬೇಕು.

ಆ ಬಳಿಕವೂ ಸುಸ್ತು, ಏದುಸಿರು ಉಳಿದರೆ ಕಬ್ಬಿಣಾಂಶದ ಕೊರತೆ, ಸೋಂಕು, ಕಸಿಯ ಮಾತ್ರೆ ಅಥವಾ ಮೂತ್ರಪಿಂಡದ ತೊಂದರೆ ಕಾರಣವಿರಬಹುದು. ಕೆಲವರಲ್ಲಿ ರಕ್ತಕಣಗಳು ಮಿತಿಮೀರಿ ಹೆಚ್ಚಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಆದ್ದರಿಂದ ವೈದ್ಯರನ್ನು ಕೇಳದೆ ಟಾನಿಕ್ ಕೊಡಬೇಡಿ, ಮಾತ್ರೆ ನಿಲ್ಲಿಸಬೇಡಿ.

ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ಜಯನಗರ, ಬನಶಂಕರಿಯಿಂದ ಮೆಟ್ರೋದಲ್ಲಿ ಕೆ.ಆರ್. ಮಾರುಕಟ್ಟೆ ನಿಲ್ದಾಣಕ್ಕೆ ಹೋದರೆ ಹತ್ತಿರ. ರಕ್ತಪರೀಕ್ಷೆ ತಪ್ಪಿಸಲು ದೂರ ನೆಪವಾಗದಿರಲಿ.